ಚೀಟಿ ನಂಬಬೇಡಿ, ಬಾಯಿಮುಚ್ಚಳ ನೋಡಿ: ಕುಶಾಲನಗರದ ಅಕ್ವೇರಿಯಂ ಅಂಗಡಿಯೊಂದರ ಬಸವನಹುಳುಗಳು

ಅಂಗಡಿಯಲ್ಲಿ ಬಸವನಹುಳುಗಳಿಗೆಂದೇ ನಾಲ್ಕು ತೊಟ್ಟಿಗಳಿವೆ. ನೀರು ತಿಳಿಯಾಗಿದೆ, ಸತ್ತ ಹುಳು ಒಳಗೆ ಉಳಿದಿಲ್ಲ, ಕೊಳೆತ ನಾತವಿಲ್ಲ. ಆರೈಕೆಗೆ ಪೂರ್ತಿ ಅಂಕ ಕೊಡಬಹುದು. ತಕರಾರಿರುವುದು ಚೀಟಿಗಳ ಬಗ್ಗೆ: ದುಂಡಗಿದ್ದದ್ದೆಲ್ಲ ‘ಆ್ಯಪಲ್ ಸ್ನೇಲ್’, ಸಣ್ಣದೆಲ್ಲ ‘ಕ್ಲೀನರ್’.

ಆ್ಯಪಲ್ ಸ್ನೇಲ್ ಅಂದದ್ದರಲ್ಲಿ ಎರಡು ಬೇರೆ ಜೀವಿಗಳು ಸೇರಿಕೊಂಡಿವೆ. ಒಂದು ನಮ್ಮ ಗದ್ದೆ-ಕೆರೆಗಳ ಪೈಲಾ, ಇನ್ನೊಂದು ದಕ್ಷಿಣ ಅಮೆರಿಕ ಮೂಲದ ಪೊಮೇಸಿಯಾ. ಎರಡೂ ಒಂದೇ ಕುಟುಂಬದವು. ಎರಡಕ್ಕೂ ಕಿವಿರೂ ಉಂಟು, ಶ್ವಾಸಕೋಶವೂ ಉಂಟು. ಹುಳುವನ್ನು ಎತ್ತಿ ಚಿಪ್ಪಿನ ಬಾಯಿಮುಚ್ಚಳ ಮುಟ್ಟಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಪೈಲಾದ್ದು ಸುಣ್ಣದ ಗಟ್ಟಿ ಮುಚ್ಚಳ. ಬೇಸಿಗೆಯಲ್ಲಿ ಅದನ್ನು ಬಿಗಿದುಕೊಂಡೇ ಕೆಸರಿನೊಳಗೆ ಮಲಗುತ್ತದೆ. ಪೊಮೇಸಿಯಾದ್ದು ಉಗುರಿನಂತೆ ಬಾಗುತ್ತದೆ. 1980ರ ಸುಮಾರಿಗೆ ಆಹಾರಕ್ಕೆಂದು ತೈವಾನಿಗೆ ತಂದ ಪೊಮೇಸಿಯಾ ಕನಾಲಿಕುಲಾಟಾ ಹರಡಿ, ಆಗ್ನೇಯ ಏಷ್ಯಾದ ಎಳೆ ಭತ್ತದ ಪೈರನ್ನೇ ಮೇಯ್ದು ಹಾಕಿತು. ನೀರಿನ ಮಟ್ಟದ ಮೇಲೆ ಗುಲಾಬಿ ಮೊಟ್ಟೆಗಳ ಗೊಂಚಲು ಕಂಡರೆ ಅದೇ ಎಂದು ತಿಳಿಯಿರಿ. ಭತ್ತ ಬೆಳೆಯುವ ಜಿಲ್ಲೆಯಲ್ಲಿ, ಕಾವೇರಿಗೆ ಸೇರುವ ತೋಡುಗಳ ಪಕ್ಕದಲ್ಲಿ ಪೊಮೇಸಿಯಾ ಮಾರಲೇಬಾರದು. ಬೇಡವಾದ ಯಾವ ಹುಳುವನ್ನೂ ತೋಡಿಗೆ ಬಿಡಬಾರದು.

‘ಕ್ಲೀನರ್’ ತೊಟ್ಟಿಯಲ್ಲಿರುವ ಉದ್ದ ಶಂಕುವಿನಂಥದ್ದು ಮೆಲನಾಯ್ಡಿಸ್ ಟ್ಯೂಬರ್ಕುಲೇಟಾ. ನಿಶ್ಚಿಂತೆಯಿಂದ ಕೊಳ್ಳಿ. ಹಗಲು ಮರಳಿನೊಳಗೆ ಓಡಾಡಿ ತಳವನ್ನು ಸಡಿಲಗೊಳಿಸುತ್ತದೆ. ಗಂಡಿಲ್ಲದೆಯೇ ಮರಿ ಹಾಕುವುದರಿಂದ ಮೂರ್ನಾಲ್ಕು ಸಾಕು. ಮೀನಿಗೆ ಮೇವು ಹೆಚ್ಚು ಹಾಕಿದರೆ ಮಾತ್ರ ಸಂಖ್ಯೆ ಮಿತಿಮೀರುತ್ತದೆ. ಅದರ ಜೊತೆಗೇ ಇರುವ, ಚಪ್ಪಟೆಯಾಗಿ ಸುತ್ತಿಕೊಂಡ, ಮುಚ್ಚಳವಿಲ್ಲದ ಇಂಡೋಪ್ಲಾನೋರ್ಬಿಸ್ ಬೇಡ. ಹಿಮೋಗ್ಲೋಬಿನ್‌ನಿಂದಾಗಿ ಅದರ ಮೈ ಕೆಂಪು, ನೋಡಲು ಚಂದ. ಆದರೆ ದನಗಳ ಗೊರಕೆ ರೋಗದ ಪರೋಪಜೀವಿ ಬೆಳೆಯುವುದು ಇದರೊಳಗೇ. ಗದ್ದೆಯಿಂದ ಹಿಡಿದು ತಂದ ಹುಳುವಾದರೆ ಆ ನೀರಿಗೆ ಕೈ ಹಾಕಿದವರಿಗೂ ತುರಿಕೆ ಬರಬಹುದು. ಒಂದೇ ಹುಳುವಿನಲ್ಲಿ ಗಂಡು-ಹೆಣ್ಣು ಎರಡೂ ಇರುವುದರಿಂದ ಒಂಟಿಯಾಗಿ ಬಂದರೂ ಸಂತತಿ ಬೆಳೆಯುತ್ತದೆ. ಗಿಡ ಕೊಂಡಾಗ ಎಲೆಯಡಿಯ ಲೋಳೆ ಮೊಟ್ಟೆಗಳನ್ನೂ ಒರೆಸಿ ತೆಗೆಯಿರಿ.

ಹಳದಿ-ಕಪ್ಪು ಪಟ್ಟೆಯ ಹೆಲೆನಾದ ಚೀಟಿಯಲ್ಲಿ ಸರಿಯಾದ ಹೆಸರೇ ಇದೆ. ಅದು ಬೇರೆ ಬಸವನಹುಳುಗಳನ್ನು ತಿನ್ನುತ್ತದೆ ಎಂದೂ ಬರೆದಿದ್ದರೆ ಒಳ್ಳೆಯದಿತ್ತು. ನೆರೈಟ್ ಬಸವನಹುಳು ಪಾಚಿ ಕೆರೆಯುವುದರಲ್ಲಿ ಎಲ್ಲಕ್ಕಿಂತ ಮುಂದು. ಗಾಜಿನ ಮೇಲೆ ಬಿಳಿ ಚುಕ್ಕೆಯಂಥ ಮೊಟ್ಟೆ ಅಂಟಿಸುತ್ತದೆ, ಆದರೆ ಮರಿಗಳಿಗೆ ಉಪ್ಪು ನೀರು ಬೇಕಾದ್ದರಿಂದ ಸಿಹಿನೀರಿನ ತೊಟ್ಟಿಯಲ್ಲಿ ಸಂತತಿ ಹೆಚ್ಚುವುದಿಲ್ಲ.

ಇಲ್ಲಿ ಕೊಂಡ ಹುಳು ಮನೆಯಲ್ಲಿ ಸತ್ತರೆ ಅಂಗಡಿಯನ್ನು ದೂರುವ ಮೊದಲು ನೀರು ನೋಡಿ. ನಮ್ಮ ಮಳೆನೀರು, ತೋಡಿನ ನೀರು ಮೃದು. ಸುಣ್ಣದಂಶ ಸಾಲದೆ ಚಿಪ್ಪಿನ ತುದಿ ಬಿಳಿಚಿ ಸವೆಯುತ್ತದೆ. ಕೋಳಿ ಮೇವಿಗೆ ಬೆರೆಸುವ ಕಪ್ಪೆಚಿಪ್ಪಿನ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಫಿಲ್ಟರಿನಲ್ಲಿಡಿ; ಪಿಎಚ್ 7.2ರಿಂದ 8ರ ನಡುವೆ ಇರಲಿ. ಮಡಿಕೇರಿಯ ಚಳಿಗೆ ಹೀಟರ್ ಬೇಕು, 22ರಿಂದ 26 ಡಿಗ್ರಿ ಸಾಕು. ಎಲ್ಲಕ್ಕಿಂತ ಅಪಾಯ ತಾಮ್ರ. ಕಾಫಿಗೆ, ಮೆಣಸಿಗೆ ತಾಮ್ರವಿರುವ ಬೋರ್ಡೋ ಮಿಶ್ರಣ ಹೊಡೆದ ದಿನಗಳಲ್ಲಿ ತೋಟದ ಕೆರೆಯ ನೀರನ್ನು ತೊಟ್ಟಿಗೆ ತುಂಬಬೇಡಿ. ಮೀನು ತಡೆದುಕೊಳ್ಳುವಷ್ಟು ಅಲ್ಪ ತಾಮ್ರಕ್ಕೂ ಬಸವನಹುಳು ಸಾಯುತ್ತದೆ. ಮಿಶ್ರಣ ಕಲಸಿದ ಬಕೆಟ್ಟನ್ನಂತೂ ತೊಟ್ಟಿಯ ಹತ್ತಿರಕ್ಕೂ ತರಬೇಡಿ. ಮೀನಿನ ಔಷಧಿ ಕೊಳ್ಳುವಾಗಲೂ ಅದರಲ್ಲಿ ತಾಮ್ರ ಇದೆಯೇ ಎಂದು ಓದಿ ನೋಡಿ.