ಅಜ್ಜಿಯ ಕಿವಿ ಮಿಷನ್: ಏಳು ವರ್ಷ ಬಳಸಿದ ಮೇಲೆ

ಕಿವಿ ಹಿಂದೆ ಕೂರುವ, ಬಟನ್ ಬ್ಯಾಟರಿ ಹಾಕುವ ಹಳೇ ಮಾದರಿಯ ಶ್ರವಣ ಸಾಧನ ಇದು. ಮನೆಯಲ್ಲಿ ಎಲ್ಲರ ಬಾಯಲ್ಲೂ ‘ಕಿವಿ ಮಿಷನ್’. ಹಾಕಿಕೊಂಡಿದ್ದು ನಮ್ಮಜ್ಜಿ, 92ನೇ ವಯಸ್ಸಿನಿಂದ 99ರವರೆಗೆ. ಒರೆಸಿದ್ದು, ಬ್ಯಾಟರಿ ತಂದಿದ್ದು, ದಿಂಬಿನ ಕೆಳಗೆ ಹುಡುಕಿ ಕೊಟ್ಟಿದ್ದು ನಾನು.

ಎದುರಿಗೆ ಒಬ್ಬರೇ ಕೂತು ಮಾತಾಡಿದರೆ ಚಿನ್ನದಂಥ ಮಿಷನ್. ವಯಸ್ಸಾದ ಕಿವಿಗೆ ಮೊದಲು ತಪ್ಪಿಹೋಗುವುದು ಕೀರಲು ದನಿ. ಸ, ಶ, ಫ ಇಂಥವು ಸರಿಯಾಗಿ ಬೀಳುವುದೇ ಇಲ್ಲ. ಅದಕ್ಕೇ ಗಂಡಸರ ದಪ್ಪ ದನಿಗಿಂತ ಮಕ್ಕಳ ಮಾತು ಹಿಡಿಯುವುದು ಕಷ್ಟ. ಮಿಷನ್ ಆ ಸದ್ದನ್ನೇ ಜಾಸ್ತಿ ಮಾಡಿ ಕೊಡುತ್ತದೆ. ಹಾಕಿಸಿಕೊಂಡು ಬಂದ ದಿನವೇ ಅಜ್ಜಿ ಮರಿಮೊಮ್ಮಗಳನ್ನು ಕೂರಿಸಿಕೊಂಡು ಒಂದೂವರೆ ಗಂಟೆ ಶಾಲೆಯ ಚಾಡಿ ಕೇಳಿದಳು. ಯಾರು ಯಾರ ಪೆನ್ಸಿಲ್ ಕದ್ದರು ಅಂತ ತಿಂಗಳಾದರೂ ನೆನಪಿತ್ತು.

ಮನೆ ತುಂಬ ಜನ ಸೇರಿದರೆ ಮಾತ್ರ ಇದು ಸೋಲುತ್ತದೆ. ಪಾತ್ರೆ, ಫ್ಯಾನು, ನಾಲ್ಕು ಜನರ ಮಾತು, ಎಲ್ಲವನ್ನೂ ಒಟ್ಟಿಗೆ ತಂದು ಕಿವಿಗೆ ಸುರಿಯುತ್ತದೆ. ಜನ ಅಂದರೆ ಪ್ರಾಣ ಅನ್ನುವವಳಿಗೆ ಇದು ಸಣ್ಣ ಕೊರತೆಯಲ್ಲ. ಅಜ್ಜಿ ತಾನೇ ದಾರಿ ಕಂಡುಕೊಂಡಳು. ಗೋಡೆಗೆ ಬೆನ್ನು ಕೊಟ್ಟು ಮೂಲೆಯಲ್ಲಿ ಕೂರುವುದು, ಎದುರಿಗೊಂದು ಖಾಲಿ ಕುರ್ಚಿ. ಬಂದವರು ಒಬ್ಬೊಬ್ಬರಾಗಿ ಅಲ್ಲಿಗೆ ಹೋಗಬೇಕು. ಡಾಕ್ಟರ ಹತ್ತಿರ ಕಾಯುವ ಹಾಗೆ ನಾವು ಸರದಿ ಕಾಯುತ್ತಿದ್ದೆವು. ಯಾರಾದರೂ ಜೋರು ಮಾಡಿದರೆ, “ಕಿರುಚಬೇಡ್ವೋ, ಮುಖ ಈ ಕಡೆ ತಿರುಗಿಸಿ ನಿಧಾನ ಹೇಳು” ಅನ್ನುತ್ತಿದ್ದಳು. ಅದು ಸರಿಯಾದ ಮಾತು. ಕಿರುಚಿದರೆ ಸದ್ದು ದೊಡ್ಡದಾಗುತ್ತದೆ, ಸ್ಪಷ್ಟ ಆಗುವುದಿಲ್ಲ.

ಸಿಳ್ಳೆಯ ಕಾಟ ಬೇರೆ. ಒಳಗಿನ ಸದ್ದು ಹೊರಗೆ ಸೋರಿ ಮತ್ತೆ ಅದರದೇ ಮೈಕಿಗೆ ಹೋದರೆ ಕುಂಯ್ ಅನ್ನುತ್ತದೆ. ಕಿವಿ ಹತ್ತಿರ ಏನಾದರೂ ಬಂದರೆ ಸಾಕು. ಅಜ್ಜಿಯೋ, ಮೀಟರ್ ನೋಡಲು ಬಂದ ಹುಡುಗನನ್ನೂ ಅಪ್ಪಿಕೊಳ್ಳುವವಳು. ಎಷ್ಟು ಜನ ಬಂದರು ಅಂತ ನಾವು ಒಳಗಿಂದಲೇ ಸಿಳ್ಳೆ ಎಣಿಸಿ ಹೇಳುತ್ತಿದ್ದೆವು.

ಫೋನಿಗೆ ಅಂತ ‘ಟಿ’ ಗುಂಡಿ ಇದೆ. ಅದನ್ನು ವಾಪಸ್ ‘ಎಂ’ಗೆ, ಅಂದರೆ ಮೈಕಿಗೆ, ತರುವುದು ಮರೆತರೆ ಮೈಕು ಬಂದ್. “ಇವತ್ತು ಯಾಕೆ ಯಾರೂ ಮಾತಾಡ್ತಿಲ್ಲ?” ಅಂತ ಅಜ್ಜಿ ಕೇಳಿದರೆ ಮೊದಲು ಗುಂಡಿ ನೋಡುತ್ತಿದ್ದೆ. ಮಿಷನ್‌ನಿಂದ ಕಿವಿಯೊಳಗೆ ಸದ್ದು ತರುವ ಟ್ಯೂಬು ಬೇಗ ಗಟ್ಟಿಯಾಗುತ್ತದೆ, ಆಗಾಗ ಬದಲಿಸಬೇಕು. ರಿಪೇರಿಗೆ ಕೊಟ್ಟ ಕಡೆ ಒಮ್ಮೆ ಮೂರು ವಾರ ಇಟ್ಟುಕೊಂಡರು. ಆ ಮೂರು ವಾರದ ಕಥೆ ಬೇಡ ಬಿಡಿ.

ಬ್ಯಾಟರಿ 675 ನಂಬರಿನ ಅಳತೆಯದು, ನೀಲಿ ಸ್ಟಿಕ್ಕರಿನದು. ಸ್ಟಿಕ್ಕರ್ ಕಿತ್ತರೆ ಸಣ್ಣ ತೂತಿನಿಂದ ಗಾಳಿ ಹೋಗಿ ಕೆಲಸ ಶುರು. ಮತ್ತೆ ಅಂಟಿಸಿ ಪ್ರಯೋಜನವಿಲ್ಲ. ಕಿತ್ತ ಮೇಲೆ ಐದು ನಿಮಿಷ ಬಿಟ್ಟು ಹಾಕಿ. ಆ ಐದು ನಿಮಿಷ ಅಜ್ಜಿ ಸುಮ್ನೆ ಇರುತ್ತಿರಲಿಲ್ಲ. ತನಗೆ ಕೇಳಿಸದಿದ್ದರೇನು, ನಮಗೆ ಕೇಳಿಸುತ್ತದಲ್ಲ ಅಂತ ಒಂದೇ ಸಮ ಮಾತಾಡುತ್ತಿದ್ದಳು. ಕಿತ್ತ ಸ್ಟಿಕ್ಕರನ್ನು ಕ್ಯಾಲೆಂಡರಿನಲ್ಲಿ ಆ ತಾರೀಖಿನ ಮೇಲೆ ಅಂಟಿಸುವುದು ಅವಳ ಪದ್ಧತಿ. ಸಾಮಾನ್ಯವಾಗಿ ಹತ್ತು ಹನ್ನೆರಡು ದಿನಕ್ಕೊಂದು. ನೆಂಟರಿದ್ದಾಗ ಮಧ್ಯರಾತ್ರಿಯಾದರೂ ಮಿಷನ್ ತೆಗೆಯುತ್ತಿರಲಿಲ್ಲ. ಆ ತಿಂಗಳು ನೀಲಿ ಚುಕ್ಕೆಗಳು ಹತ್ತಿರ ಹತ್ತಿರ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕೈ ನಡುಗುವವರಿದ್ದರೆ ಚಾರ್ಜ್ ಮಾಡುವಂಥದ್ದನ್ನೇ ತೆಗೆದುಕೊಳ್ಳಿ, ಈ ಬ್ಯಾಟರಿ ಬಾಗಿಲು ತೀರ ಸಣ್ಣದು. ನಮ್ಮಲ್ಲಿ ಸ್ಟಿಕ್ಕರ್ ಕೀಳದ 675 ಇನ್ನೂ ನಾಲ್ಕು ಉಳಿದಿವೆ. ಬೇಕಿದ್ದವರು ಹೇಳಿ.