ದೂರದಲ್ಲಿ ಕೂತು ಕರ್ನಲ್ ಬದಲಿಸಬೇಡಿ

ಶಿರಸಿ ಹತ್ತಿರದ ನಮ್ಮ ಅಡಿಕೆ ತೋಟದ ಪಂಪ್‌ಹೌಸಿನಲ್ಲಿ ಒಂದು ಚಿಕ್ಕ ಆರ್ಮ್ ಬೋರ್ಡ್ ಇದೆ, ಅಂದರೆ ಮೊಬೈಲ್‌ನಲ್ಲಿರುವ ಥರದ ಚಿಪ್ ಇರುವ ಪುಟ್ಟ ಕಂಪ್ಯೂಟರ್. ಒಳಗಿರುವುದು ರಾಕ್‌ಚಿಪ್ ಪ್ರೊಸೆಸರ್, ಮಾಡೆಲ್ ಮಾತ್ರ ಜಾಸ್ತಿ ಜನ ಬಳಸದ್ದು. ರಿಲೇ (ಕರೆಂಟಿನಿಂದ ಓಡುವ ಸ್ವಿಚ್ಚು) ಮೂಲಕ ಮೋಟಾರು ಹಾಕಿ ತೆಗೆಯುವುದು ಅದರ ಕೆಲಸ. ಬೋರ್ಡ್ ಜೊತೆ ಬಂದ ಲಿನಕ್ಸ್‌ನ 4.4 ಕರ್ನಲ್ (ಆಪರೇಟಿಂಗ್ ಸಿಸ್ಟಮಿನ ತಿರುಳು, ಹಾರ್ಡ್‌ವೇರನ್ನು ನಡೆಸುವುದು ಇದೇ) ಮೂರು ವರ್ಷ ತಕರಾರಿಲ್ಲದೆ ಓಡಿತ್ತು.

4.4ಕ್ಕೆ 2022ರಲ್ಲೇ ಅಧಿಕೃತ ಅಪ್‌ಡೇಟ್ ನಿಂತಿದೆ. ಅದೊಂದು ನೆಪ. ಮಾರ್ಚ್‌ನ ಒಂದು ರಾತ್ರಿ ಪೇಟೆಯ ರೂಮಿನಿಂದಲೇ ಲಾಗಿನ್ ಆಗಿ ಹೊಸ 6.1 ಕರ್ನಲ್ ಹಾಕಿದೆ, ರೀಬೂಟ್ ಕೊಟ್ಟೆ. ಬೋರ್ಡ್ ಮತ್ತೆ ಏಳಲೇ ಇಲ್ಲ. ಬೆಳಿಗ್ಗೆ ಆರಕ್ಕೆ ಅಪ್ಪಯ್ಯನ ಫೋನು: "ತಮಾ, ತೋಟಕ್ಕೆ ನೀರು ಬಂಜಿಲ್ಲೆ."

ಬೈಕ್ ಹತ್ತಿ ಊರಿಗೆ ಓಡಿದೆ. ಟಿವಿಗೆ ಹಚ್ಚಿದರೆ ಪರದೆ ಕಪ್ಪು. ಬೋರ್ಡ್ ಶುರುವಾಗುವಾಗ ಹೇಳುವುದನ್ನು ಲ್ಯಾಪ್‌ಟಾಪಿನಲ್ಲಿ ಓದಲು ಸೀರಿಯಲ್ ಕೇಬಲ್ ಹಾಕಿದರೆ ಬರೀ ಚಿತ್ರವಿಚಿತ್ರ ಅಕ್ಷರ. ನಾನು ಇಟ್ಟ ವೇಗ 115200 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್), ಈ ಬೋರ್ಡಿಗೆ ಬೇಕಾದ್ದು 1500000. ನನ್ನ ಹಳೇ ಸಿಪಿ2102 ಚಿಪ್ಪಿನ ಕೇಬಲ್ ಅಷ್ಟು ವೇಗಕ್ಕೆ ಹೋಗುವುದೇ ಇಲ್ಲ! ಬೇರೆ ಕೇಬಲ್ ಕೊರಿಯರ್‌ನಲ್ಲಿ ಬರಲು ನಾಲ್ಕು ದಿನ. ಅಷ್ಟೂ ದಿನ ಅಪ್ಪಯ್ಯನೇ ಧರೆ ಇಳಿದು ಹೋಗಿ ಸ್ಟಾರ್ಟರ್ ಒತ್ತಬೇಕಾಯಿತು.

ಕೊನೆಗೆ ಕಂಡದ್ದು ಒಂದೇ ಸಾಲು, 'ಸ್ಟಾರ್ಟಿಂಗ್ ಕರ್ನಲ್'. ಆಮೇಲೆ ಮೌನ. ಯಾವ ಸಾಮಾನು ಎಲ್ಲಿದೆ ಅಂತ ಪಿಸಿಯಲ್ಲಾದರೆ ಮದರ್‌ಬೋರ್ಡಿನಲ್ಲೇ ಇರುವ ಬಯೋಸ್ ಎಂಬ ಸಾಫ್ಟ್‌ವೇರ್ ಕಡೆಯಿಂದಲೇ ಕರ್ನಲ್‌ಗೆ ತಿಳಿಯುತ್ತದೆ. ಇಂಥ ಬೋರ್ಡಿನಲ್ಲಿ ಅದನ್ನು ಹೇಳುವುದು ಡಿವೈಸ್ ಟ್ರೀ ಫೈಲ್. ಶುರುವಾಗುವಾಗ ಯಾವ ಫೈಲ್ ಎತ್ತಬೇಕು ಅಂತ ಹೇಳುವ ನನ್ನ ಬೂಟ್ ಕಾನ್ಫಿಗ್ ಇನ್ನೂ 4.4ರ ಫೈಲನ್ನೇ ತೋರಿಸುತ್ತಿತ್ತು. ಆ ಸಾಲು ತಿದ್ದಿದೆ, ಬೋರ್ಡ್ ಎದ್ದಿತು. ಆದರೆ ವೈಫೈ ಹೋಯಿತು! ಅದರ ಡ್ರೈವರ್ ಬೋರ್ಡ್ ಮಾಡಿದವರು 4.4ಕ್ಕೆ ಅಂತ ಕಂಪೈಲ್ ಮಾಡಿ ಕೊಟ್ಟದ್ದು, 6.1 ಅದನ್ನು ಮುಟ್ಟಲೂ ಇಲ್ಲ. ನೆಟ್ ಕೇಬಲ್ ಇಲ್ಲದ ಪಂಪ್‌ಹೌಸಿನಲ್ಲಿ ವೈಫೈ ಇಲ್ಲದ ಬೋರ್ಡ್ ಯಾಕೆ ಬೇಕು, ಅಲ್ವಾ? ತೆಪ್ಪಗೆ 4.4ಕ್ಕೇ ವಾಪಸ್ ಬಂದೆ.

ನಿಮ್ಮದೂ ಇಂಥ ಬೋರ್ಡ್ ಆದರೆ, ಹೊಸ ಕರ್ನಲ್‌ನ ಸೋರ್ಸ್ ಕೋಡಿನಲ್ಲಿ ನಿಮ್ಮದೇ ಮಾಡೆಲ್‌ನ ಡಿವೈಸ್ ಟ್ರೀ ಇದೆಯಾ ಅಂತ ಮೊದಲು ನೋಡಿ. ಚಿಪ್ ಒಂದೇ ಇದ್ದರೆ ಸಾಲದು. ಓಡುತ್ತಿರುವ ಎಸ್‌ಡಿ ಕಾರ್ಡ್ ಮುಟ್ಟಲೇಬೇಡಿ. ಇನ್ನೊಂದು ಕಾರ್ಡಿಗೆ ಕಾಪಿ ಮಾಡಿ, ಬೋರ್ಡ್ ಮೇಜಿನ ಮೇಲಿಟ್ಟು, ಸೀರಿಯಲ್ ಕೇಬಲ್ ಹಾಕಿಕೊಂಡು ಆ ಕಾಪಿಯಲ್ಲಿ ಏನು ಬೇಕಾದರೂ ಮಾಡಿ. ನಾನಂತೂ ಕರ್ನಲ್ ಪ್ಯಾಕೇಜನ್ನು ಹೋಲ್ಡ್‌ನಲ್ಲಿ ಇಟ್ಟಿದ್ದೇನೆ, ಅಂದರೆ ಬೇರೆ ಅಪ್‌ಡೇಟ್ ಹಾಕಿದರೂ ಅದು ಬದಲಾಗುವುದಿಲ್ಲ. ಇನ್ನು ಅದಕ್ಕೆ ಕೈ ಹಚ್ಚುವುದು ಮಳೆ ಹಿಡಿದು, ಮೋಟಾರು ಬೇಡ ಅಂತಾದ ಮೇಲೇ.