ಪೈಥಾನ್‌ನಿಂದ ಎಫ್‌ಎಫ್‌ಎಂಪೆಗ್ ಓಡಿಸಲು ಯಾವುದು ಸರಿ: ಸಿಸ್ಟಮ್, ರನ್, ಪೊಪೆನ್?

ಮಂಡ್ಯದ ಹಳ್ಳಿಗಳಲ್ಲಿ ಧ್ವನಿಮುದ್ರಿಸಿದ ಜನಪದ ಹಾಡುಗಳ ವೇವ್ ಫೈಲುಗಳನ್ನು ಮೈಸೂರಿನ ಒಂದು ಉಬುಂಟು ಯಂತ್ರದಲ್ಲಿ ಎಂಪಿ3 ಮಾಡಲು, ಆಡಿಯೊ-ವಿಡಿಯೊ ರೂಪ ಬದಲಿಸುವ ಎಫ್‌ಎಫ್‌ಎಂಪೆಗ್ ಪ್ರೋಗ್ರಾಮನ್ನು ಪೈಥಾನ್‌ನ ಈ ಮೂರೂ ವಿಧಾನದಿಂದ ಓಡಿಸಿ ನೋಡಿದ್ದೇವೆ. ಫೈಲಿನ ಹೆಸರು ‘ಬೆಲ್ಲ & ಸಕ್ಕರೆ.ವೇವ್’ ಅಂತಿದ್ದರೆ ಸಾಕು, ವ್ಯತ್ಯಾಸ ಎದ್ದು ಕಾಣುತ್ತದೆ.

ಓಎಸ್.ಸಿಸ್ಟಮ್ ಬರೆಯುವುದು ಸುಲಭ. ಆದರೆ ಬರೆದ ಸಾಲು ಇಡಿಯಾಗಿ ಶೆಲ್ (ಟರ್ಮಿನಲ್ ಕಮಾಂಡುಗಳನ್ನು ಓದಿ ನಡೆಸುವ ಪ್ರೋಗ್ರಾಂ) ಕೈಗೆ ಹೋಗುತ್ತದೆ. & ಕಂಡ ಕೂಡಲೇ ಶೆಲ್ ಅಲ್ಲಿಯವರೆಗಿನದನ್ನು ಹಿನ್ನೆಲೆಗೆ ತಳ್ಳುತ್ತದೆ. ಎಫ್‌ಎಫ್‌ಎಂಪೆಗ್ ‘ಬೆಲ್ಲ’ ಎಂಬ ಫೈಲು ಹುಡುಕಿ ಸೋಲುತ್ತದೆ, ಶೆಲ್ ‘ಸಕ್ಕರೆ.ವೇವ್’ ಅನ್ನು ಕಮಾಂಡ್ ಎಂದುಕೊಂಡು, ಸಿಗದೆ, 127 ಎಂಬ ಸೋಲಿನ ಸಂಖ್ಯೆ ಕೊಡುತ್ತದೆ. ಲಿನಕ್ಸ್‌ನಲ್ಲಿ ಸಿಸ್ಟಮ್ ನಮಗೆ ಮರಳಿಸುವುದು 127 ಅಲ್ಲ, ಅದರ 256ರಷ್ಟು, ಅಂದರೆ 32512. ಅದನ್ನೇ ಸ್ಕ್ರಿಪ್ಟ್ ಮುಗಿಸುವ ಸಿಸ್.ಎಕ್ಸಿಟ್‌ಗೆ ಕೊಟ್ಟರೆ ಕೆಳಗಿನ 8 ಬಿಟ್ ಮಾತ್ರ ಉಳಿದು ಸೊನ್ನೆಯಾಗುತ್ತದೆ. ಕೆಲಸ ಕೆಟ್ಟಿರುತ್ತದೆ, ಸೊನ್ನೆ ಎಂದರೆ ಗೆಲುವಾದ್ದರಿಂದ ವರದಿ ಮಾತ್ರ ‘ಸರಿಯಾಯಿತು’. ಈ ಒಂದೇ ಕಾರಣಕ್ಕೆ ಸಿಸ್ಟಮ್ ಬೇಡ ಎನ್ನುತ್ತೇವೆ.

ಸಬ್‌ಪ್ರೊಸೆಸ್.ರನ್ ಪೈಥಾನ್ 3.5ರಿಂದ ಇದೆ. ಕಮಾಂಡನ್ನು ಪಟ್ಟಿಯಾಗಿ ಕೊಡಿ: ಎಫ್‌ಎಫ್‌ಎಂಪೆಗ್, -ನೋಸ್ಟ್‌ಡಿನ್, -ಐ, ಫೈಲಿನ ಹೆಸರು, ಹೀಗೆ ಒಂದೊಂದೂ ಬೇರೆ. ನಡುವೆ ಶೆಲ್ ಇಲ್ಲದ್ದರಿಂದ ಖಾಲಿ ಜಾಗವೂ & ಕೂಡ ಇದ್ದ ಹಾಗೇ ತಲುಪುತ್ತವೆ. ಚೆಕ್=ಟ್ರೂ ಹಾಕಿದರೆ ಸೋತ ಕಮಾಂಡ್ ಅಲ್ಲೇ ಎಕ್ಸೆಪ್ಶನ್ ಎಸೆಯುತ್ತದೆ. ಎಫ್‌ಎಫ್‌ಎಂಪೆಗ್‌ಗೆ ಇನ್‌ಪುಟ್ ಓದಬೇಡ ಎನ್ನುವ -ನೋಸ್ಟ್‌ಡಿನ್ ಬಿಡಬೇಡಿ, ಬಿಟ್ಟರೆ ಸ್ಕ್ರಿಪ್ಟಿಗೆ ಪೈಪಿನಲ್ಲಿ ಬರುತ್ತಿರುವ ಫೈಲುಪಟ್ಟಿಯನ್ನು ಎಫ್‌ಎಫ್‌ಎಂಪೆಗ್ ತಾನೇ ಓದಿಬಿಡುತ್ತದೆ. ಶೆಲ್ ಇಲ್ಲವೆಂದರೆ ನಕ್ಷತ್ರದ ಗುರುತೂ (*) ಫೈಲುಗಳ ಹೆಸರಾಗಿ ಬಿಡಿಸಿಕೊಳ್ಳದು, ಅದಕ್ಕೆ ಪೈಥಾನ್‌ನ ಗ್ಲಾಬ್ ಬಳಸಿ. ಔಟ್‌ಪುಟ್ ಫೈಲಿನ ಹೆಸರು ಅಡ್ಡಗೆರೆಯಿಂದ (-) ಶುರುವಾದರೆ ಮುಂದೆ ./ ಸೇರಿಸಿ, ಇಲ್ಲದಿದ್ದರೆ ಅದನ್ನು ಆಯ್ಕೆಯೆಂದು ತಿಳಿಯುತ್ತದೆ.

ಅದೇ ಸಬ್‌ಪ್ರೊಸೆಸ್‌ನ ಪೊಪೆನ್ ಬೇಕಾಗುವುದು ಕೆಲಸ ನಡೆಯುತ್ತಿರುವಾಗಲೇ ಪ್ರಗತಿ ತೋರಿಸಬೇಕಾದಾಗ. ಎಫ್‌ಎಫ್‌ಎಂಪೆಗ್ ಪ್ರಗತಿಯನ್ನು ಬರೆಯುವುದು ಸ್ಟ್‌ಡೆರ್‌ಗೆ, ಅಂದರೆ ದೋಷ ಸಂದೇಶಗಳ ಹೊರದಾರಿಗೆ. ಅದಕ್ಕೆ ಪೈಪ್ ಕಟ್ಟಿ, ಓದದೆ ವೇಟ್ ಕರೆದರೆ, ಲಿನಕ್ಸ್ ಪೈಪಿನ 65,536 ಬೈಟ್ ತುಂಬಿದ ಮೇಲೆ ಎಫ್‌ಎಫ್‌ಎಂಪೆಗ್ ಬರೆಯಲಾಗದೆ ನಿಲ್ಲುತ್ತದೆ, ಪೈಥಾನ್ ಅದು ಮುಗಿಯಲೆಂದು ಕಾಯುತ್ತದೆ. ಸಣ್ಣ ಹಾಡಿಗೆ ಇದು ಕಾಣುವುದೇ ಇಲ್ಲ. ಗಂಟೆಗಟ್ಟಲೆ ಧ್ವನಿಮುದ್ರಣಕ್ಕೆ ಸಿಕ್ಕಿಬೀಳಬಹುದು. ಓದುತ್ತಲೇ ಇರಿ, ಇಲ್ಲವೇ ಕಮ್ಯುನಿಕೇಟ್ ಕರೆಯಿರಿ.

ಹೊತ್ತು ಮೀರಿದ ಕಮಾಂಡನ್ನು ನಿಲ್ಲಿಸುವ ರನ್‌ನ ಟೈಮ್‌ಔಟ್‌ನಲ್ಲಿ ಒಂದು ಎಚ್ಚರ: ಶೆಲ್ ಮೂಲಕವೇ ಓಡಿಸುವ ಶೆಲ್=ಟ್ರೂ ಇಟ್ಟು ಎರಡು ಕಮಾಂಡ್ ಪೈಪಿನಲ್ಲಿ ಜೋಡಿಸಿದ್ದರೆ ಸಾಯುವುದು ಶೆಲ್ ಮಾತ್ರ, ಅದರ ಮಕ್ಕಳು ಓಡುತ್ತಲೇ ಇರಬಹುದು. ಪೊಪೆನ್‌ಗೆ ಸ್ಟಾರ್ಟ್_ನ್ಯೂ_ಸೆಶನ್=ಟ್ರೂ ಕೊಟ್ಟು, ಸಮಯ ಮೀರಿದಾಗ ಓಎಸ್.ಕಿಲ್‌ಪಿಜಿಯಿಂದ ಇಡೀ ಗುಂಪನ್ನೇ ನಿಲ್ಲಿಸಿ.